ಪಾರ್ಶ್ವವಾಯು: ಬಿಗಿದ ಮುಷ್ಟಿ ಬಿಡಿಸಲು ವಿದ್ಯುತ್ ನೆರವು, ಏನಿದು ಚಿಕಿತ್ಸೆ?

ಪಾರ್ಶ್ವವಾಯುವಿನ ನಂತರ ಅನೇಕರ ಮುಷ್ಟಿ ಬಿಗಿದುಕೊಂಡು, ಬೆರಳು ಬಿಡಿಸುವುದೇ ಕಷ್ಟವಾಗುತ್ತದೆ. ಹಾನಿಯಾಗಿರುವುದು ಕೈಗಲ್ಲ, ಮೆದುಳಿಗೆ. ಅಲ್ಲಿಂದ ಬರಬೇಕಾದ ಸಂದೇಶ ಸ್ನಾಯುಗಳಿಗೆ ಸರಿಯಾಗಿ ತಲುಪುವುದಿಲ್ಲ.

ಈ ಕೊರತೆ ತುಂಬಲು ಬಳಸುವ ವಿಧಾನವೇ 'ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಷನ್'. ಮುಂಗೈ ಮೇಲ್ಭಾಗಕ್ಕೆ ಅಂಟಿಸಿದ ಪ್ಯಾಡ್‌ಗಳಿಂದ ಅಲ್ಪ ಪ್ರಮಾಣದ ವಿದ್ಯುತ್ ಹರಿಸಿದಾಗ ನರ ಪ್ರಚೋದನೆಗೊಂಡು, ಮಣಿಕಟ್ಟು ಮೇಲೇಳುತ್ತದೆ, ಬೆರಳುಗಳು ತೆರೆದುಕೊಳ್ಳುತ್ತವೆ. 1961ರಲ್ಲೇ ಅಮೆರಿಕದ ವೈದ್ಯ ಲಿಬರ್ಸನ್ ಮತ್ತು ತಂಡ ಇದೇ ತತ್ವವನ್ನು ರೋಗಿಗಳ ಜೋತುಬಿದ್ದ ಪಾದ ಎತ್ತಲು ಬಳಸಿತ್ತು.

ಆದರೆ ಯಂತ್ರವೊಂದೇ ಸಾಲದು. ವಿದ್ಯುತ್ ಹರಿಯುವಾಗಲೇ ರೋಗಿಯೂ ಕೈ ತೆರೆಯಲು ಯತ್ನಿಸಬೇಕು. ಲೋಟ ಹಿಡಿದು ಬಿಡುವಂಥ ಕೆಲಸಗಳನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದರೆ ಮಾತ್ರ ಮೆದುಳು ಮರುಕಲಿಯಲು ನೆರವಾಗುತ್ತದೆ. ಎಲ್ಲರಿಗೂ ಒಂದೇ ಫಲಿತಾಂಶ ಸಿಗದು. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಬಳಸಲೇಬಾರದು.