ಹೆರಾಲ್ಡ್‌ಗೆ ತುಕ್ಕು: ಪುಟ್ಟಿಯೋ, ಸುತ್ತಿಗೆಯೋ?

ಮಂಗಳೂರು: ಮೇಲೆ ಥಳಕು, ಒಳಗೆ ಹುಳುಕು. ಹಳೇ ಕಾರಿಗೆ ಹೊಸ ಬಣ್ಣ ಹೊಡೆಸಿ ಮೆರೆಯುವವರು ಈ ಗಾದೆ ಮರೆಯಬಾರದು.

ಪೇಟೆಯಂಚಿನ ಟಿಂಕರಿಂಗ್ ಶೆಡ್ಡೊಂದರಲ್ಲಿ ನಾಲ್ಕು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಚಕ್ರ ಕಳಚಿ ಮರದ ದಿಮ್ಮಿಗಳ ಮೇಲೆ ಕುಳಿತಿದೆ. ದೂರಕ್ಕೆ ಮದುವಣಗಿತ್ತಿಯ ಕಳೆ. ಮೇಸ್ತ್ರಿ ಕಿಸೆಯಿಂದ ಅಯಸ್ಕಾಂತ ತೆಗೆದು ಹಿಂಬಾಗಿಲಿನ ಬುಡಕ್ಕೆ ಹಿಡಿದರು. ಅದು ಅಂಟದೆ ಟಪ್ಪನೆ ಕೆಳಗೆ ಬಿತ್ತು.

"ಇಲ್ಲಿ ತಗಡೇ ಇಲ್ಲ ಸರ್. ಬರೀ ಪುಟ್ಟಿ ಉಂಟು."

ಮಾಲೀಕರ ಮುಖ ಸಪ್ಪಗಾಯಿತು. ತಂದೆಯ ಕಾಲದ ಕಾರು. ಮುಂದಿನ ತಿಂಗಳು ಮಗಳ ಮದುವೆ. ದಿಬ್ಬಣ ಇದರಲ್ಲೇ ಹೋಗಬೇಕೆಂಬ ಆಸೆ.

ಇದು ಸಾಮಾನ್ಯ ಕಾರಲ್ಲ. ಇಟಲಿಯ ಮಿಕೆಲೊಟ್ಟಿ ರೂಪ ಕೊಟ್ಟ, ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಲ್ಲಿ ತಯಾರಾಯಿತು. ಮೊದಲು ಇದ್ದದ್ದು ಎರಡೇ ಬಾಗಿಲು. ನಾಲ್ಕು ಬಾಗಿಲಿನದ್ದು ಆಮೇಲೆ ಬಂತು, ಅದೂ ನಮ್ಮ ದೇಶದಲ್ಲಿ ಮಾತ್ರ. ಹಾಗಾಗಿ ಅದರ ಹಿಂಬಾಗಿಲಿನ ತಗಡು ಇಂಗ್ಲೆಂಡಿಗೆ ಬರೆದರೂ ಸಿಗದು. ಬಡಿದು ಮಾಡುವ ಕೈಯೇ ಬೇಕು.

ತುಕ್ಕು ಹಿಡಿಯುವುದು ಹೇಗೆ? ಗಾಜಿನ ಸಂದಿಯಲ್ಲಿ ಮಳೆನೀರು ಬಾಗಿಲಿನೊಳಕ್ಕೆ ಇಳಿಯುತ್ತದೆ. ಅದು ಹೊರಹೋಗಲು ಬುಡದಲ್ಲಿ ತೂತುಗಳಿವೆ. ಅವು ಮಣ್ಣಿನಿಂದ ಮುಚ್ಚಿದರೆ ನೀರು ಅಲ್ಲೇ ನಿಲ್ಲುತ್ತದೆ. ಜೊತೆಗೆ ಕಡಲ ಉಪ್ಪುಗಾಳಿ. ತಗಡು ಒಳಗಿನಿಂದಲೇ ಕರಗುತ್ತದೆ. ಹೊರಗೆ ಬಣ್ಣ ಗುಳ್ಳೆ ಏಳುವಷ್ಟರಲ್ಲಿ ಒಳಗಿನ ಕಥೆ ಮುಗಿದಿರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತುವುದೆಂದರೆ ಹುಣ್ಣಿಗೆ ಪೌಡರ್ ಬಳಿದಂತೆ.

ಸರಿಯಾದ ಕೆಲಸ ಬೇರೆಯೇ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಬೇಕು. ರಟ್ಟಿನಲ್ಲಿ ಅಳತೆ ತೆಗೆದು, 20 ಗೇಜಿನ ಶೀಟನ್ನು ಬಡಿದು ಬಾಗಿಸಬೇಕು. ಒಂದೇ ಸಮನೆ ವೆಲ್ಡ್ ಎಳೆದರೆ ಕಾವಿಗೆ ಶೀಟು ಸೊಟ್ಟಗಾಗುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಡಬೇಕು. ಒಳಮೈಗೂ ಪ್ರೈಮರ್ ಬೇಕು, ನೀರಿನ ತೂತು ತೆರೆದಿರಬೇಕು. ಪುಟ್ಟಿ ಕೊನೆಗೆ, ಅದೂ ಕಾಗದದಷ್ಟು ತೆಳ್ಳಗೆ.

ಸಿಕ್ಕಿದ ತಗಡು ಜೋಡಿಸಿ ಆಕಾರ ಕೆಡಿಸಿದರೆ ಕಾನೂನಿನ ತೊಡಕೂ ಇದೆ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಗೆ ಗಾಡಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಯ ಶುಲ್ಕ 20,000 ರೂ.

"ಪುಟ್ಟಿ ಹಾಕಿದರೆ ನಾಲ್ಕೇ ದಿನ. ತಗಡು ಹಾಕಿದರೆ ಎರಡು ತಿಂಗಳು. ನೀವೇ ಹೇಳಿ ಸರ್" ಎಂದರು ಮೇಸ್ತ್ರಿ. ಈಗಿನ ಕಾರಿಗೆ ಏಟು ಬಿದ್ದರೆ ಇಡೀ ಬಾಗಿಲನ್ನೇ ಬದಲಿಸುತ್ತಾರೆ, ಬಡಿಯುವ ಕೆಲಸ ಕಲಿಯಲು ಹುಡುಗರೇ ಬರುವುದಿಲ್ಲ ಎಂಬ ಕೊರಗೂ ಅವರಿಗಿದೆ.

ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ತಗಡೇ ಹಾಕಿ" ಎಂದರು.

ದಿಬ್ಬಣಕ್ಕೆ ಬಾಡಿಗೆ ಟ್ಯಾಕ್ಸಿ ಗೊತ್ತಾಗಿದೆ. ಹೆರಾಲ್ಡ್ ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಬಂದರೂ ಸಾಕಂತೆ!