ಮಾತ್ರೆಗಿಂತ ಇಂಜೆಕ್ಷನ್ ಬೇಗ ಗುಣ ಮಾಡುತ್ತದೆಯೇ? ಆ್ಯಂಟಿಬಯಾಟಿಕ್ ಸೂಜಿಯ ಬಗ್ಗೆ ತಿಳಿದಿರಬೇಕಾದದ್ದು

“ಮಾತ್ರೆ ನಿಧಾನ, ಇಂಜೆಕ್ಷನ್ ಹಾಕಿಸಿ, ಎರಡೇ ದಿನದಲ್ಲಿ ಗುಣ.” ಜ್ವರದ ಸೀಸನ್ ಬಂತೆಂದರೆ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಇಂಥ ಸಲಹೆ ಓಡಾಡುತ್ತದೆ. ಹಳೆಯ ಚೀಟಿಯ ಫೋಟೋ ಹಾಕಿ, “ನಮಗೆ ಇದೇ ಕೊಟ್ಟಿದ್ದು, ಮೆಡಿಕಲ್‌ನಲ್ಲಿ ಸಿಗುತ್ತೆ” ಎನ್ನುವವರೂ ಇದ್ದಾರೆ. ಇದರಲ್ಲಿ ಎಷ್ಟು ನಿಜ? ನೋಡೋಣ.

ಇಂಜೆಕ್ಷನ್ ಹೆಚ್ಚು ಸ್ಟ್ರಾಂಗ್ ಅಲ್ಲವೇ?

ಯಾವಾಗಲೂ ಅಲ್ಲ. ಮಾತ್ರೆ ಕರುಳಿನ ಮೂಲಕ ರಕ್ತ ಸೇರುತ್ತದೆ, ರಕ್ತನಾಳಕ್ಕೆ ಕೊಟ್ಟ ಇಂಜೆಕ್ಷನ್ ನೇರವಾಗಿ ಸೇರುತ್ತದೆ. ಲೆವೊಫ್ಲಾಕ್ಸಸಿನ್, ಲಿನೆಜೋಲಿಡ್‌ನಂಥ ಔಷಧಗಳನ್ನು ನುಂಗಿದರೂ ಹೆಚ್ಚುಕಡಿಮೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತವೆ.

ನೆಗಡಿ, ಫ್ಲೂ, ಡೆಂಗಿ ಬರುವುದು ವೈರಸ್‌ನಿಂದ. ಅಲ್ಲಿ ಆ್ಯಂಟಿಬಯಾಟಿಕ್ ಮಾತ್ರೆಯೂ ಕೆಲಸ ಮಾಡದು, ಇಂಜೆಕ್ಷನ್ನೂ ಮಾಡದು. ಹಾಗಾದರೆ ಸೂಜಿ ಹಾಕಿಸಿದ ಮೇಲೆ ಹಾಯೆನಿಸುವುದೇಕೆ? ಜೊತೆಗೆ ಕೊಟ್ಟ ಜ್ವರದ ಔಷಧ ಕೆಲಸ ಮಾಡಿರುತ್ತದೆ, ಇಲ್ಲವೇ ವೈರಲ್ ಜ್ವರ ತಾನಾಗಿಯೇ ಇಳಿದಿರುತ್ತದೆ.

ಹಾಗಾದರೆ ಯಾರಿಗೆ ಬೇಕು?

ರಕ್ತಕ್ಕೆ ಹರಡಿದ ಸೋಂಕು, ಮಿದುಳಿನ ಪೊರೆಯ ಸೋಂಕು (ಮೆನಿಂಜೈಟಿಸ್), ತೀವ್ರ ನ್ಯುಮೋನಿಯಾ, ತೀವ್ರ ಟೈಫಾಯ್ಡ್, ವಾಂತಿಯಿಂದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದ ಸ್ಥಿತಿ. ಇಲ್ಲಿ ಇಂಜೆಕ್ಷನ್ ಜೀವ ಉಳಿಸುತ್ತದೆ, ತಡ ಮಾಡುವುದು ಅಪಾಯ. ಜೆಂಟಾಮೈಸಿನ್, ಅಮಿಕಾಸಿನ್, ಮೆರೊಪೆನೆಮ್‌ನಂಥ ಔಷಧಗಳನ್ನು ನುಂಗಿದರೆ ರಕ್ತಕ್ಕೆ ಸೇರುವುದೇ ಇಲ್ಲ ಎನ್ನಬಹುದು. ಆದ್ದರಿಂದ ಅವನ್ನು ಚುಚ್ಚಿಯೇ ಕೊಡಬೇಕು.

ಎರಡು-ಮೂರು ದಿನಗಳಲ್ಲಿ ರೋಗಿ ಸುಧಾರಿಸಿ ಊಟ ಮಾಡತೊಡಗಿದರೆ, ಅನೇಕ ಸೋಂಕುಗಳಲ್ಲಿ ಡಾಕ್ಟರು ಮಾತ್ರೆಗೆ ಬದಲಾಯಿಸುತ್ತಾರೆ. ಇದು ಚಿಕಿತ್ಸೆಯಲ್ಲಿ ಕಡಿತವಲ್ಲ, ಸರಿಯಾದ ಕ್ರಮ.

ಅಪಾಯ ಎಲ್ಲಿದೆ?

ಅಲರ್ಜಿ: ಯಾವ ಆ್ಯಂಟಿಬಯಾಟಿಕ್‌ನಿಂದಲೂ ಆಗಬಹುದು, ಪೆನಿಸಿಲಿನ್ ಗುಂಪಿನ ಔಷಧಗಳಲ್ಲಿ ಹೆಚ್ಚು. ಇಂಜೆಕ್ಷನ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಮೈಯೆಲ್ಲ ದದ್ದು, ತುಟಿ ಊತ, ಉಸಿರಾಟದ ತೊಂದರೆ, ರಕ್ತದೊತ್ತಡ ಕುಸಿತ ಕಾಣಿಸಬಹುದು. ಆಗ ತಕ್ಷಣ ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು. ಮನೆಗೆ ಬಂದು ಸೂಜಿ ಹಾಕಿ ಹೋಗುವವರ ಬಳಿ ಅದು ಇರುತ್ತದೆಯೇ? “ಟೆಸ್ಟ್ ಡೋಸ್ ಕೊಟ್ಟಾಯ್ತು, ಏನೂ ಆಗಲ್ಲ” ಎಂಬ ಮಾತೂ ಪೂರ್ಣ ಗ್ಯಾರಂಟಿಯಲ್ಲ.

ಬೆರಕೆ: ಹೆಚ್ಚು ಬಳಕೆಯಲ್ಲಿರುವ ಸೆಫ್ಟ್ರಿಯಾಕ್ಸೋನ್ ಕ್ಯಾಲ್ಸಿಯಂ ಜೊತೆ ಸೇರಿದರೆ ಹರಳುಗಟ್ಟುತ್ತದೆ. ಡ್ರಿಪ್‌ಗೆ ಬಳಸುವ ಆರ್‌ಎಲ್ ಬಾಟಲಿಯಲ್ಲಿ ಕ್ಯಾಲ್ಸಿಯಂ ಇರುವುದರಿಂದ ಎರಡನ್ನೂ ಬೆರೆಸಬಾರದು. ನವಜಾತ ಶಿಶುಗಳಲ್ಲಿ ಹೀಗಾಗಿ ಸಾವು ಸಂಭವಿಸಿದ್ದೂ ಇದೆ. ಸ್ನಾಯುವಿಗೆ ಚುಚ್ಚುವಾಗ ನೋವು ಕಡಿಮೆಯಾಗಲೆಂದು ಈ ಔಷಧವನ್ನು ಲಿಗ್ನೊಕೇನ್‌ನಲ್ಲಿ ಕರಗಿಸುತ್ತಾರೆ. ಆ ದ್ರಾವಣವನ್ನು ಎಂದಿಗೂ ರಕ್ತನಾಳಕ್ಕೆ ಕೊಡಬಾರದು.

ಕಿಡ್ನಿ, ಕಿವಿ: ಜೆಂಟಾಮೈಸಿನ್, ಅಮಿಕಾಸಿನ್ ಡೋಸ್ ಹೆಚ್ಚಾದರೆ ಕಿಡ್ನಿಗೆ ಪೆಟ್ಟು ಬೀಳಬಹುದು, ಶಾಶ್ವತ ಕಿವುಡುತನವೂ ಬರಬಹುದು. ಅದಕ್ಕೇ ತೂಕ ಮತ್ತು ಕ್ರಿಯಾಟಿನಿನ್ ನೋಡಿ ಡೋಸ್ ನಿಗದಿ ಮಾಡುತ್ತಾರೆ. ಪಕ್ಕದ ಮನೆಯವರ ಡೋಸ್ ನಿಮಗೆ ಹೊಂದುವುದಿಲ್ಲ.

ಸಿರಿಂಜ್: ಬಳಸಿದ ಸಿರಿಂಜ್ ಮತ್ತೆ ಬಳಸಿದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡುತ್ತವೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೀಗೆ ಹೆಪಟೈಟಿಸ್ ಬಿ ಹಬ್ಬಿ ಹಲವರು ಪ್ರಾಣ ಕಳೆದುಕೊಂಡರು.

ಚೀಟಿ ಇಲ್ಲದೆ ತರಬಹುದೇ?

ಇಲ್ಲ. ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್ ಮುಂತಾದವು ಭಾರತದಲ್ಲಿ 2014ರ ಮಾರ್ಚ್‌ನಿಂದ ಜಾರಿಗೆ ಬಂದ ‘ಶೆಡ್ಯೂಲ್ ಎಚ್1’ ಪಟ್ಟಿಯಲ್ಲಿವೆ. ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಡಾಕ್ಟರು ಮತ್ತು ರೋಗಿಯ ವಿವರವನ್ನು ಅಂಗಡಿಯವರು ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು.

ಇಷ್ಟು ಬಿಗಿ ಏಕೆ? ಬೇಡದ ಕಡೆ ಬಳಸಿದಷ್ಟೂ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆ. ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಹರಡಿತು. ಅಲ್ಲಿ ನುಂಗುವ ಔಷಧಗಳಲ್ಲಿ ಮುಖ್ಯವಾಗಿ ಉಳಿದದ್ದು ಅಜಿತ್ರೋಮೈಸಿನ್ ಒಂದೇ.

ಇಂಜೆಕ್ಷನ್ ಬರೆದುಕೊಟ್ಟರೆ ಏನು ಮಾಡಬೇಕು?

• “ಇದು ಆ್ಯಂಟಿಬಯಾಟಿಕ್ ಇಂಜೆಕ್ಷನ್ನೇ? ಮಾತ್ರೆ ಸಾಕಾಗುವುದಿಲ್ಲವೇ?” ಎಂದು ಕೇಳಿ.
• ಹಿಂದಿನ ಅಲರ್ಜಿ, ಕಿಡ್ನಿ ತೊಂದರೆ, ಗರ್ಭಿಣಿಯಾಗಿರುವುದು, ಈಗ ತೆಗೆದುಕೊಳ್ಳುತ್ತಿರುವ ಔಷಧ, ಎಲ್ಲವನ್ನೂ ಮೊದಲೇ ಹೇಳಿ.
• ಹೊಸ ಸಿರಿಂಜ್ ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ.
• ಇಂಜೆಕ್ಷನ್ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ.
• ಎಷ್ಟು ದಿನ, ಎಷ್ಟು ಡೋಸ್ ಎಂದು ಬರೆಸಿಕೊಳ್ಳಿ. ಹುಷಾರಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ.

ನಮ್ಮ ತೀರ್ಮಾನ: ಇಂಜೆಕ್ಷನ್ ಎಂದರೆ ಬೇಗ ಗುಣ ಎಂಬುದು ತಪ್ಪು ತಿಳಿವಳಿಕೆ. ಬೇಕಾದವರಿಗೆ ಅದು ಜೀವರಕ್ಷಕ, ಬೇಡದವರಿಗೆ ಬರೀ ಅಪಾಯ. ಯಾರಿಗೆ ಬೇಕೆಂದು ಪರೀಕ್ಷಿಸಿದ ಡಾಕ್ಟರ್ ಹೇಳಬೇಕೇ ಹೊರತು ಫಾರ್ವರ್ಡ್ ಅಲ್ಲ. ಮುಂದಿನ ಸಲ ಗ್ರೂಪ್‌ನಲ್ಲಿ ಚೀಟಿಯ ಫೋಟೋ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಇದನ್ನು ಕಳಿಸಿ.