ಮುಚ್ಚುವ ಕಾರ್ಖಾನೆಗೆ ಕಾರ್ಮಿಕರೇ ವಾರಸುದಾರರು

ಸಣ್ಣ ಉದ್ದಿಮೆಯೊಂದು ಬಾಗಿಲು ಹಾಕಿದರೆ ಕೆಲಸ ಕಳೆದುಕೊಂಡವರಿಗೆ ತಿಂಗಳು ತಿಂಗಳು ಭತ್ಯೆ ಕೊಟ್ಟು ಕೈತೊಳೆದುಕೊಳ್ಳುವುದು ಸರ್ಕಾರಗಳ ರೂಢಿ. ಇಟಲಿ 1985ರಲ್ಲಿ ಬೇರೆ ದಾರಿ ಹಿಡಿಯಿತು. ಕೈಗಾರಿಕಾ ಸಚಿವರಾಗಿದ್ದ ಜೊವಾನಿ ಮಾರ್ಕೋರಾ ಅವರ ಹೆಸರಿನ ಕಾನೂನು, ಅವರು ತೀರಿಕೊಂಡ ಎರಡು ವರ್ಷಗಳ ನಂತರ ಜಾರಿಗೆ ಬಂತು. ಈ ಕಾನೂನು ಮತ್ತು ಇದರ ಬೆನ್ನಿಗೆ ಬಂದ ನಿಯಮಗಳ ಪ್ರಕಾರ, ಕಾರ್ಮಿಕರು ತಮಗೆ ಸಲ್ಲಬೇಕಾದ ನಿರುದ್ಯೋಗ ಭತ್ಯೆಯನ್ನು ಒಂದೇ ಗಂಟಾಗಿ ಪಡೆದು, ಸಹಕಾರ ಸಂಘ ಕಟ್ಟಿ, ತಾವು ದುಡಿದ ಕಾರ್ಖಾನೆಯನ್ನೇ ಕೊಳ್ಳಬಹುದು. ಸರ್ಕಾರದ ಬಂಡವಾಳವಿರುವ ಸಿಎಫ್‌ಐ ಸಂಸ್ಥೆ ಅವರ ಜತೆಗೆ ಹಣ ಹೂಡುತ್ತದೆ. ಸುಮ್ಮನೆ ಕರಗಿಹೋಗುತ್ತಿದ್ದ ಭತ್ಯೆ ಇಲ್ಲಿ ಷೇರು ಬಂಡವಾಳವಾಗುತ್ತದೆ. ಯಂತ್ರಗಳು ಗುಜರಿ ಸೇರುವುದಿಲ್ಲ, ಕಸುಬಿನ ಅನುಭವ ಚದುರಿಹೋಗುವುದಿಲ್ಲ.

ಬ್ರಿಟನ್ನಿನ ನೆರವು ಹರಿದದ್ದು ಮಾರುವವರ ಕಡೆಗೆ. ಕಂಪನಿಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ನೌಕರರ ಟ್ರಸ್ಟ್‌ಗೆ ಮಾರುವ ಮಾಲೀಕರಿಗೆ 2014ರಿಂದ ಬಂಡವಾಳ ಲಾಭದ ತೆರಿಗೆ ಪೂರ್ತಿ ಮಾಫಿಯಿತ್ತು. 2025ರ ನವೆಂಬರ್ ಬಜೆಟ್ ಅದನ್ನು ಅರ್ಧಕ್ಕಿಳಿಸಿತು. ನಿವೃತ್ತಿಯ ಅಂಚಿನಲ್ಲಿರುವ ಮಾಲೀಕರಿಗೂ ಲಾಭದಲ್ಲಿರುವ ಕಂಪನಿಗೂ ಈ ಏರ್ಪಾಡು ಒಪ್ಪುತ್ತದೆ, ನಿಜ. ಆದರೆ ಮಾರಿದರೂ ಲಾಭವೇ ಬಾರದ, ಮುಳುಗುತ್ತಿರುವ ಉದ್ದಿಮೆಗೆ ತೆರಿಗೆ ಮಾಫಿಯಿಂದ ಏನು ಪ್ರಯೋಜನ? ಅಲ್ಲಿ ಬಂಡವಾಳ ಬೇಕಿರುವುದು ಕೊಳ್ಳುವ ಕಾರ್ಮಿಕರಿಗೆ. ಆದ್ದರಿಂದ ಸಾರ್ವಜನಿಕ ಹಣ ಮೊದಲು ತಲುಪಬೇಕಾದದ್ದು ಅವರ ಕೈಗೆ.

ಸೋತ ಉದ್ದಿಮೆಗೆ ಜನರ ತೆರಿಗೆ ಹಣ ಸುರಿಯುವುದು ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇಟಲಿಯೂ ಅದನ್ನು ಎದುರಿಸಿತು. ಮೊದಮೊದಲು ಕಾರ್ಮಿಕರು ಹೂಡಿದ್ದರ ಮೂರು ಪಟ್ಟಿನವರೆಗೆ ಸರ್ಕಾರ ಕೊಡುತ್ತಿತ್ತು. ಇದು ಸ್ಪರ್ಧೆಗೆ ಧಕ್ಕೆ ಎಂದು ಯುರೋಪಿಯನ್ ಆಯೋಗ ಆಕ್ಷೇಪಿಸಿದ ಮೇಲೆ, 2001ರ ತಿದ್ದುಪಡಿ ಸರ್ಕಾರದ ಪಾಲನ್ನು ಕಾರ್ಮಿಕರ ಪಾಲಿಗೆ ಸಮನಾಗಿಸಿತು, ಹಣ ಹಿಂದಿರುಗಬೇಕೆಂದಿತು. ಈ ಷರತ್ತೇ ಯೋಜನೆಯ ಬಲ. ತನ್ನ ಭತ್ಯೆಯನ್ನೇ ಪಣಕ್ಕಿಡುವವನು ಆರ್ಡರ್ ಪುಸ್ತಕವನ್ನೂ ಸಾಲದ ಪಟ್ಟಿಯನ್ನೂ ನೋಡದೆ ಸಹಿ ಹಾಕುವುದಿಲ್ಲ. ಎತ್ತಲಾಗದ ಉದ್ದಿಮೆಗಳು ಆ ಹಂತದಲ್ಲೇ ಜರಡಿಯಾಗುತ್ತವೆ.

ದುಡಿಯುವವರಿಗೆ ಆಡಳಿತ ನಡೆಸಲು ಬರುವುದಿಲ್ಲ ಎಂಬುದು ಇನ್ನೊಂದು ವಾದ. ಇದಕ್ಕೆ ಉತ್ತರ ನಮ್ಮ ಬೆಂಗಳೂರಿನಲ್ಲೇ ಇದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ, 1957ರಲ್ಲಿ ನೌಕರರು ಇಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅಂದು ಮಂಡಳಿ ಬೇಡವೆಂದ ಇಂಡಿಯನ್ ಕಾಫಿ ಹೌಸ್ ಅವರ ಕೈಯಲ್ಲಿ ದಶಕಗಳ ಕಾಲ ಬಾಳಿದೆ. ಲೆಕ್ಕಪತ್ರ, ಮಾರುಕಟ್ಟೆಯ ತರಬೇತಿ ಕೊಡುವುದು ಕಷ್ಟವಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಚದುರಿದ ಕುಶಲಕರ್ಮಿಗಳನ್ನು ಮತ್ತೆ ಒಂದೆಡೆ ಸೇರಿಸುವುದು ಕಷ್ಟ. ಹಾಗಾಗಿ ನೆರವು ಬೀಗ ಬೀಳುವ ಮುನ್ನವೇ ಬರಬೇಕು: ಕೊಳ್ಳುವ ಮೊದಲ ಅವಕಾಶ ಕಾರ್ಮಿಕರಿಗೆ, ಅವರು ಹೂಡಿದಷ್ಟೇ ಸಾಲ ಸರ್ಕಾರದಿಂದ.